ಪೋಷಕ ಕೋಶಗಳು ಮತ್ತು ಗ್ಲುಟಮೇಟ್: ಕರಾವಳಿ ನಂಟಿನ ಒಂದು ಚರಿತ್ರೆ

ಮಾನವ ಮಿದುಳಿನಲ್ಲಿ ಮುಖ್ಯವಾಗಿ ಎರಡು ಬಗೆಯ ಕೋಶಗಳಿವೆ. ಸಂದೇಶ ಹೊತ್ತೊಯ್ಯುವ ನರಕೋಶಗಳು ಒಂದು ಬಗೆ. ಅವುಗಳ ಸುತ್ತ ನಿಂತು ಪೋಷಣೆ ಒದಗಿಸುವ, ಬಳಸಿ ಉಳಿದ ರಾಸಾಯನಿಕಗಳನ್ನು ಬಳಿದು ತೆಗೆಯುವ, ನರತಂತುಗಳಿಗೆ ಕವಚ ಸುತ್ತುವ ಪೋಷಕ ಕೋಶಗಳು, ಅಂದರೆ ಗ್ಲಿಯಾ, ಇನ್ನೊಂದು ಬಗೆ. ಪೋಷಕ ಕೋಶಗಳ ಸಂಖ್ಯೆ ನರಕೋಶಗಳಿಗಿಂತ ಹತ್ತು ಪಟ್ಟು ಎಂದು ಪಠ್ಯಪುಸ್ತಕಗಳು ಬಹುಕಾಲ ಬರೆದುಕೊಂಡು ಬಂದವು. 2009ರಲ್ಲಿ ಬ್ರೆಜಿಲ್‌ನ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ಅವರ ತಂಡ ನಿಜಕ್ಕೂ ಎಣಿಸಿ ನೋಡಿದಾಗ ನರಕೋಶಗಳು ಸುಮಾರು 8,600 ಕೋಟಿ, ಉಳಿದವು ಸುಮಾರು 8,500 ಕೋಟಿ ಎಂದು ತಿಳಿಯಿತು. ಹತ್ತು ಪಟ್ಟಿನ ಲೆಕ್ಕವನ್ನು ಒಬ್ಬರನ್ನು ನೋಡಿ ಇನ್ನೊಬ್ಬರು ಬರೆದಿದ್ದರು, ಅಷ್ಟೆ.

ಹುಟ್ಟಿದ ಮೇಲೆ ನರಕೋಶಗಳು ಬಹುಮಟ್ಟಿಗೆ ಒಡೆದು ಹೆಚ್ಚುವುದಿಲ್ಲ. ಪೋಷಕ ಕೋಶಗಳು ಹಾಗಲ್ಲ; ಜೀವಮಾನವಿಡೀ ಅವು ಹುಟ್ಟುತ್ತವೆ, ಗಾಯವಾದಲ್ಲಿ ಹಿಗ್ಗುತ್ತವೆ, ಹದ ತಪ್ಪಿದರೆ ಗಡ್ಡೆ ಕಟ್ಟುತ್ತವೆ. ಯಾವಾಗ ಬೆಳೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ಸೂಚನೆ ಅವಕ್ಕೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಮುಖ್ಯವಾದದ್ದು ಗ್ಲುಟಮೇಟ್ ಎಂಬ ಅಮೈನೋ ಆಮ್ಲ ಮತ್ತು ಅದನ್ನು ಹಿಡಿಯುವ ಗ್ರಾಹಕಗಳು. ಈ ತಿಳಿವಳಿಕೆ ಯುರೋಪು, ಜಪಾನ್, ಅಮೆರಿಕಗಳ ಪ್ರಯೋಗಶಾಲೆಗಳಲ್ಲಿ ರೂಪುಗೊಂಡಿತು. ಕರ್ನಾಟಕದ ಮೂರು ಕಡೆಗಳಿಗೂ ಅದರೊಡನೆ ನಂಟಿದೆ: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅದೇ ಊರಿನ ನಿಮ್ಹಾನ್ಸ್, ಮತ್ತು ಬ್ರಹ್ಮಾವರ, ಕುಂದಾಪುರ, ಬೈಂದೂರಿನವರಿಗೆ ದೊಡ್ಡಾಸ್ಪತ್ರೆಯಾಗಿರುವ ಮಣಿಪಾಲ.

ಗ್ಲಿಯಾದ ಚರಿತ್ರೆ ಆರಂಭವಾಗುವುದು ಒಂದು ತಪ್ಪು ಕಲ್ಪನೆಯಿಂದ. ಜರ್ಮನಿಯ ರುಡಾಲ್ಫ್ ವಿರ್ಷೋ 1850ರ ದಶಕದಲ್ಲಿ ನರಕೋಶಗಳ ನಡುವಿನ ತೆರಪನ್ನು ತುಂಬಿದ ವಸ್ತುವೊಂದನ್ನು ವರ್ಣಿಸಿ ಅದನ್ನು ಅಂಟಿನಂಥ ಪದಾರ್ಥವೆಂದು ಕರೆದ. ಅದರಲ್ಲಿ ಬಿಡಿಬಿಡಿಯಾದ ಕೋಶಗಳಿವೆ, ಅವಕ್ಕೆ ತಮ್ಮದೇ ಆಕಾರವಿದೆ ಎಂದು ಕಂಡುಕೊಳ್ಳಲು ಬಣ್ಣ ಹಾಕುವ ಒಳ್ಳೆಯ ವಿಧಾನ ಬೇಕಿತ್ತು. ಅದನ್ನು ಒದಗಿಸಿದವನು ಇಟಲಿಯ ಕಮಿಲೊ ಗಾಲ್ಜಿ. ಮಿಲಾನ್ ಬಳಿಯ ಅಬ್ಬಿಯಾಟೆಗ್ರಾಸೊ ಊರಿನಲ್ಲಿ ವಾಸಿಯಾಗದ ರೋಗಿಗಳಿಗೆಂದು ಇದ್ದ ಆಸ್ಪತ್ರೆಗೆ ಅವನು ವೈದ್ಯ. ಅಲ್ಲಿನ ಅಡುಗೆಮನೆಯನ್ನೇ ಪ್ರಯೋಗಶಾಲೆ ಮಾಡಿಕೊಂಡು, ಮಿದುಳಿನ ತುಂಡನ್ನು ಮೊದಲು ಪೊಟ್ಯಾಸಿಯಂ ಡೈಕ್ರೊಮೇಟ್ ದ್ರಾವಣದಲ್ಲಿ ದಿನಗಟ್ಟಲೆ ನೆನೆಹಾಕಿ, ಆಮೇಲೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದ. 1873ರಲ್ಲಿ ಅವನು ಪ್ರಕಟಿಸಿದ ಈ ವಿಧಾನದಲ್ಲಿ ಹಳದಿ ಹಿನ್ನೆಲೆಯ ಮೇಲೆ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಕೊಂಬೆರೆಂಬೆ ಸಮೇತ ಕಡುಗಪ್ಪಾಗಿ ಎದ್ದು ಕಾಣುತ್ತದೆ. ಎಲ್ಲವೂ ಕಪ್ಪಾಗಿದ್ದರೆ ಏನೂ ಕಾಣುತ್ತಿರಲಿಲ್ಲ. ಕೆಲವೇ ಕೋಶಗಳು ಬಣ್ಣ ಹಿಡಿಯುವುದೇ ಅದರ ಗುಣ. ಕೆಲವೇ ಏಕೆ ಎಂಬುದಕ್ಕೆ ಇಂದಿಗೂ ಪೂರ್ತಿ ವಿವರಣೆ ಇಲ್ಲ.

ಸ್ಪೇನ್‌ನ ಸಾಂಟಿಯಾಗೊ ರಮೋನ್ ಇ ಕಹಾಲ್ ಇದೇ ವಿಧಾನವನ್ನು ತಿದ್ದಿ ಬೆಳೆಸಿದ. 1906ರ ನೊಬೆಲ್ ಪ್ರಶಸ್ತಿಯನ್ನು ಗಾಲ್ಜಿ, ಕಹಾಲ್ ಇಬ್ಬರೂ ಹಂಚಿಕೊಂಡರು. ನಕ್ಷತ್ರದಂತೆ ಸುತ್ತಲೂ ಚಾಚಿದ ಆಸ್ಟ್ರೊಸೈಟ್‌ಗಳನ್ನು ಕಹಾಲ್ 1913ರಲ್ಲಿ ಚಿನ್ನದ ಲವಣದಿಂದ ಬಣ್ಣ ಹಾಕಿ ತೋರಿಸಿದ. ಅವನ ಶಿಷ್ಯ ಪಿಯೊ ಡೆಲ್ ರಿಯೊ-ಒರ್ಟೆಗಾ ಸಿಲ್ವರ್ ಕಾರ್ಬೊನೇಟ್ ಬಳಸಿ 1919ರಲ್ಲಿ ಮೈಕ್ರೊಗ್ಲಿಯಾ, 1921ರಲ್ಲಿ ಆಲಿಗೊಡೆಂಡ್ರೊಸೈಟ್ ಎಂಬ ಇನ್ನೆರಡು ಬಗೆಗಳನ್ನು ಬೇರ್ಪಡಿಸಿದ. ನರತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನ ಕವಚ ಸುತ್ತುವುದು ಆಲಿಗೊಡೆಂಡ್ರೊಸೈಟ್. ಅಲ್ಲಿಗೆ ಪೋಷಕ ಕೋಶಗಳ ಪಟ್ಟಿ ಬಹುಮಟ್ಟಿಗೆ ಸಿದ್ಧವಾಯಿತು. 1926ರಲ್ಲಿ ಅಮೆರಿಕದ ಪರ್ಸಿವಲ್ ಬೇಲಿ ಮತ್ತು ಹಾರ್ವಿ ಕುಶಿಂಗ್ ಮಿದುಳಿನ ಗಡ್ಡೆಗಳನ್ನು ಅವು ಯಾವ ಗ್ಲಿಯಾದಂತೆ ಕಾಣುತ್ತವೆ ಎಂಬ ಆಧಾರದಲ್ಲಿ ವಿಂಗಡಿಸಿದರು. ಮುಂದಿನ ನಾಲ್ಕು ದಶಕ ಹೆಚ್ಚಿನದೇನೂ ನಡೆಯಲಿಲ್ಲ. ಪೋಷಕ ಕೋಶಗಳು ವಿದ್ಯುತ್ ಸಂಕೇತ ಹೊರಡಿಸುವುದಿಲ್ಲವಾದ್ದರಿಂದ ವಿದ್ಯುದ್ವಾರ ಹಿಡಿದು ಕೂತ ಶರೀರಶಾಸ್ತ್ರಜ್ಞರಿಗೆ ಅವುಗಳಲ್ಲಿ ಆಸಕ್ತಿ ಹುಟ್ಟಲಿಲ್ಲ.

ಗ್ಲುಟಮೇಟಿನ ಕಥೆ ಬೇರೆಯೇ ದಾರಿಯಲ್ಲಿ ಸಾಗಿತ್ತು. ಜರ್ಮನಿಯ ಕಾರ್ಲ್ ರಿಟ್‌ಹೌಸೆನ್ 1866ರಲ್ಲಿ ಗೋಧಿಯ ಜಿಗುಟಿನಿಂದ ಗ್ಲುಟಮಿಕ್ ಆಮ್ಲವನ್ನು ತೆಗೆದ. ಟೋಕಿಯೊದ ಕಿಕುನೇ ಇಕೆಡಾ 1908ರಲ್ಲಿ ಕಡಲಪಾಚಿಯ ಸಾರಿನ ರುಚಿಗೆ ಅದೇ ಕಾರಣವೆಂದು ಕಂಡುಕೊಂಡು ಅದರ ಸೋಡಿಯಂ ಲವಣವನ್ನು ಮಾರುಕಟ್ಟೆಗೆ ತಂದ. ಪೇಟೆಯ ಗೋಬಿಮಂಚೂರಿ ಗಾಡಿಗಳಲ್ಲಿ ಅಜಿನೊಮೊಟೊ ಎಂದು ಕರೆಸಿಕೊಳ್ಳುವ ಬಿಳಿ ಹರಳು ಅದೇ. ಅದು ಮಿದುಳಿನ ಮೇಲೂ ಕೆಲಸ ಮಾಡುತ್ತದೆ ಎಂಬುದು ತಡವಾಗಿ ತಿಳಿಯಿತು. ಜಪಾನಿನ ತಕಾಶಿ ಹಯಾಶಿ 1950ರ ದಶಕದ ಆರಂಭದಲ್ಲಿ ಗ್ಲುಟಮೇಟನ್ನು ನೇರವಾಗಿ ಮಿದುಳಿಗೆ ಹಾಕಿದರೆ ಸೆಟೆತ ಬರುತ್ತದೆ ಎಂದು ತೋರಿಸಿದ. 1959ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಡೇವಿಡ್ ಕರ್ಟಿಸ್, ಜಾನ್ ಫಿಲಿಸ್, ಜೆಫ್ರಿ ವಾಟ್ಕಿನ್ಸ್ ಬೆನ್ನುಹುರಿಯ ನರಕೋಶಗಳನ್ನು ಗ್ಲುಟಮೇಟ್ ಕೆರಳಿಸುತ್ತದೆ ಎಂದು ಸಾಧಿಸಿದರು. ಆದರೂ ಊಟದಲ್ಲೆಲ್ಲ ಸಿಗುವ ಇಷ್ಟು ಸಾಮಾನ್ಯ ವಸ್ತು ನರಸಂದೇಶದ ವಾಹಕವಾಗಿರಲಾರದು ಎಂಬ ಅನುಮಾನ ಬಹುಕಾಲ ಉಳಿಯಿತು. 1969ರಲ್ಲಿ ಅಮೆರಿಕದ ಜಾನ್ ಓಲ್ನಿ ಎಳೆಯ ಇಲಿಮರಿಗಳಿಗೆ ಗ್ಲುಟಮೇಟ್ ಚುಚ್ಚಿ, ಅತಿಯಾಗಿ ಕೆರಳಿದ ನರಕೋಶಗಳು ಸತ್ತೇ ಹೋಗುತ್ತವೆ ಎಂದು ಕಂಡ. ಅವನು ಕೊಟ್ಟ ಪ್ರಮಾಣ ಬಹಳ ದೊಡ್ಡದು, ಚುಚ್ಚಿದ್ದೂ ನೇರವಾಗಿ ಮೈಗೆ. ತಿಂದ ಗ್ಲುಟಮೇಟ್ ಬೆಳೆದವರ ಮಿದುಳಿಗೆ ಹಾಗೆ ನುಗ್ಗುವುದಿಲ್ಲ. ಅಜಿನೊಮೊಟೊ ಬಗೆಗಿನ ಭಯಕ್ಕೆ ಅವನ ಪ್ರಯೋಗವನ್ನು ಆಧಾರ ಮಾಡುವವರು ಇದನ್ನು ಬಿಟ್ಟೇ ಹೇಳುತ್ತಾರೆ.

ಗ್ಲುಟಮೇಟ್ ಗ್ರಾಹಕಗಳನ್ನು ಬಿಡಿಸಿ ಗುರುತಿಸಲು ನೆರವಾದದ್ದು ಗಿಡ, ಪಾಚಿಗಳ ವಿಷಗಳು. ಗ್ಲುಟಮೇಟಿನ ಹೋಲಿಕೆಯುಳ್ಳ ಈ ವಿಷಗಳು ಒಂದೊಂದು ಬಗೆಯ ಗ್ರಾಹಕಕ್ಕೆ ಹೆಚ್ಚಾಗಿ ಹೊಂದಿಕೊಳ್ಳುತ್ತವೆ. ಜಪಾನಿನಲ್ಲಿ ಹೊಟ್ಟೆಹುಳದ ಔಷಧವಾಗಿ ಬಳಕೆಯಲ್ಲಿದ್ದ ಕೆಂಪು ಕಡಲಪಾಚಿಯಿಂದ 1953ರಲ್ಲಿ ಕೈನಿಕ್ ಆಮ್ಲ ದೊರೆಯಿತು. ಇಂಥದೇ ಇನ್ನೊಂದು ಪಾಚಿಯಿಂದ 1958ರಲ್ಲಿ ಡೊಮೊಯಿಕ್ ಆಮ್ಲ. ಎರಡನೆಯದು 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಕಪ್ಪೆಚಿಪ್ಪು ತಿಂದ ನೂರಕ್ಕೂ ಹೆಚ್ಚು ಜನರನ್ನು ಕಾಯಿಲೆ ಬೀಳಿಸಿತು. ಕೆಲವರು ಸತ್ತರು, ಬದುಕಿದ ಕೆಲವರ ನೆನಪಿನ ಶಕ್ತಿ ಮರಳಲಿಲ್ಲ. ಗಂಗೊಳ್ಳಿ, ಹಂಗಾರಕಟ್ಟೆಗಳ ಅಳಿವೆಯಲ್ಲಿ ಮಳಿ ಹೆಕ್ಕುವ ಕರಾವಳಿಯವರಿಗೆ ಈ ಘಟನೆ ಅಪರಿಚಿತ. ಆದರೆ ಜಗತ್ತಿನ ಮೀನುಗಾರಿಕೆ ಇಲಾಖೆಗಳು ಚಿಪ್ಪುಜೀವಿಗಳಲ್ಲಿ ಈ ವಿಷವನ್ನು ಪರೀಕ್ಷಿಸತೊಡಗಿದ್ದು ಆಮೇಲೆಯೇ.

ಇದೇ ಗುಂಪಿಗೆ ಸೇರಿದ ಮೂರನೆಯ ವಿಷ ಭಾರತದ್ದು. ಅದು ಇರುವುದು ಕೇಸರಿ ಬೇಳೆಯಲ್ಲಿ. ಮಧ್ಯ ಮತ್ತು ಉತ್ತರ ಭಾರತದಲ್ಲಿ ಬರಗಾಲಕ್ಕೂ ಬಾಗದ ಬೆಳೆ ಇದು. ಗೋಧಿ ಕೈಕೊಟ್ಟ ವರ್ಷಗಳಲ್ಲಿ ಬಡವರಿಗೆ ಇದೊಂದೇ ಗತಿಯಾಗುತ್ತಿತ್ತು. 1830ರ ಸುಮಾರಿಗೆ ಮಧ್ಯಭಾರತದ ಸಾಗರ ಪ್ರಾಂತ್ಯದಲ್ಲಿ ಬೆಳೆ ಸತತವಾಗಿ ನಾಶವಾಗಿ ಜನ ಇದನ್ನೇ ತಿಂದಾಗ, ಎಳೆಯ ವಯಸ್ಸಿನವರ ಸೊಂಟದಿಂದ ಕೆಳಗಿನ ಭಾಗ ಬಿಗಿದು ನಡೆಯಲಾಗದಂತೆ ಆದದ್ದನ್ನು ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ದಾಖಲಿಸಿದ್ದಾನೆ. ದಿನಗೂಲಿಯನ್ನು ಕೇಸರಿ ಬೇಳೆಯಲ್ಲೇ ಕೊಡುವ ಜೀತದ ಪದ್ಧತಿ ಇದ್ದ ಕಡೆಗಳಲ್ಲಂತೂ ರೋಗ ನೆಲೆಯೂರಿತು. ಲಾಥಿರಿಸಂ ಎಂಬ ಈ ರೋಗದ ಕಾರಣವಸ್ತು 1964ರವರೆಗೂ ಕೈಗೆ ಸಿಕ್ಕಿರಲಿಲ್ಲ.

ಆ ವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎಸ್. ಎಲ್. ಎನ್. ರಾವ್, ಪಿ. ಆರ್. ಅಡಿಗ ಮತ್ತು ಪಿ. ಎಸ್. ಶರ್ಮ ಬೀಜದಿಂದ ಆ ವಿಷವನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿ ಅದರ ರಾಸಾಯನಿಕ ರಚನೆಯನ್ನು ಪ್ರಕಟಿಸಿದರು. ಅಡಿಗರ ಪೂರ್ತಿ ಹೆಸರು ಪೆರ್ಡೂರು ರಾಧಾಕಾಂತ ಅಡಿಗ. ಆ ಹೆಸರಿನ ಪೆರ್ಡೂರು ಬ್ರಹ್ಮಾವರದ ಒಳನಾಡಿಗೆ, ಉಡುಪಿಯಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿದೆ. ಅನಂತಪದ್ಮನಾಭ ದೇವಸ್ಥಾನದ ಊರು. ಅಡಿಗರಿಗೆ ಮುಂದೆ ಹೆಸರು ತಂದದ್ದು ಜೀವಸತ್ವಗಳನ್ನು ರಕ್ತದಲ್ಲಿ ಸಾಗಿಸುವ ಪ್ರೊಟೀನುಗಳ ಅಧ್ಯಯನ. 1980ರ ಭಟ್ನಾಗರ್ ಪ್ರಶಸ್ತಿಯೂ ಅವರಿಗೆ ಸಂದಿತು. ಹೀಗಾಗಿ ಅವರ ಈ ಮೊದಲ ಕೆಲಸ ಸ್ವಲ್ಪ ಮರೆಗೆ ಸರಿದಿದೆ. ನರವಿಜ್ಞಾನದ ಕಡೆಯಿಂದ ನೋಡಿದರೆ ಅದಕ್ಕೇ ತೂಕ ಹೆಚ್ಚು.

ಬೇರ್ಪಡಿಸಿದ ವಸ್ತುವಿಗೆ ಒಡಾಪ್ ಎಂಬ ಚುಟುಕು ಹೆಸರು ಬಂತು. ಅದೂ ಒಂದು ಅಮೈನೋ ಆಮ್ಲ. ಪ್ರೊಟೀನಿನ ಭಾಗವಾಗದೆ ಬೀಜದಲ್ಲಿ ಬಿಡಿಯಾಗಿ ಇರುತ್ತದೆ. ಅದು ನರವಿಷವೆಂದು ಖಚಿತಪಡಿಸಿಕೊಂಡದ್ದು ಕೋಳಿಮರಿಗಳ ಮೇಲೆ. ಎಳೆಯ ಮರಿಗಳಲ್ಲಿ ರಕ್ತಕ್ಕೂ ಮಿದುಳಿಗೂ ನಡುವಿನ ತಡೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ವಿಷ ಒಳಗಿಳಿದು ಸೆಟೆತ ಕಾಣಿಸುತ್ತದೆ, ಬಲಿತ ಪ್ರಾಣಿಗಳಲ್ಲಿ ಸುಲಭಕ್ಕೆ ಕಾಣಿಸುವುದಿಲ್ಲ. ರಚನೆಯಲ್ಲಿ ಗ್ಲುಟಮೇಟಿಗೆ ಹತ್ತಿರವಿರುವ ಒಡಾಪ್, ಆಂಪ ಎಂಬ ಹೆಸರಿನ ಗ್ಲುಟಮೇಟ್ ಗ್ರಾಹಕಗಳನ್ನು ಕೆರಳಿಸುತ್ತದೆ ಎಂದು 1980ರ ದಶಕದಲ್ಲಿ ಗೊತ್ತಾಯಿತು. 1991ರಲ್ಲಿ ಅಮೆರಿಕದ ರಿಚರ್ಡ್ ಬ್ರಿಜಸ್ ಮತ್ತು ಸಂಗಡಿಗರು ಅದು ತಟ್ಟೆಯಲ್ಲಿ ಬೆಳೆಸಿದ ಆಸ್ಟ್ರೊಸೈಟ್‌ಗಳಿಗೂ ವಿಷವೆಂದು ತೋರಿಸಿದರು. ಅಷ್ಟರವರೆಗೆ ಲಾಥಿರಿಸಂ ಎಂದರೆ ನರಕೋಶಗಳ ಸಾವು ಎಂದಷ್ಟೇ ತಿಳಿಯಲಾಗಿತ್ತು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ಪ್ರಯೋಗಶಾಲೆ ಅದೇ ವಿಷ ಕೋಶದೊಳಗಿನ ಮೈಟೊಕಾಂಡ್ರಿಯಾಗಳನ್ನು ಹೇಗೆ ಕೆಡಿಸುತ್ತದೆ ಎಂದು ಇಲಿಗಳಲ್ಲಿ ಬಿಡಿಸಿ ನೋಡಿತು. ಕೇಸರಿ ಬೇಳೆಯ ಮಾರಾಟಕ್ಕೆ 1961ರಲ್ಲೇ ಕೇಂದ್ರ ಸರ್ಕಾರದ ನಿಯಮ ತಡೆಯೊಡ್ಡಿತ್ತು. ಕಾರಣವಸ್ತು ಸಿಕ್ಕಿದ್ದು ಅದರ ಮೂರು ವರ್ಷದ ಮೇಲೆ.

ಗ್ಲುಟಮೇಟ್ ಗ್ರಾಹಕ ಎಂದರೆ ಕೋಶದ ಪೊರೆಯಲ್ಲಿ ಕೂತ ಒಂದು ಪ್ರೊಟೀನು. ಮುಖ್ಯ ಬಗೆಗಳು ನಾಲ್ಕು: ಆಂಪ, ಕೈನೇಟ್, ಎನ್‌ಎಂಡಿಎ, ಮತ್ತು ಬಾಗಿಲು ತೆರೆಯುವ ಬದಲು ಕೋಶದೊಳಗಿನ ರಾಸಾಯನಿಕ ಸರಣಿಯನ್ನು ಚಾಲೂ ಮಾಡುವ ಮೆಟಬೊಟ್ರೊಪಿಕ್ ಗ್ರಾಹಕ. ಮೊದಲ ಮೂರು, ಗ್ಲುಟಮೇಟ್ ತಾಗಿದೊಡನೆ ತೆರೆದುಕೊಳ್ಳುವ ಬಾಗಿಲುಗಳು. ಸೋಡಿಯಂ ಒಳನುಗ್ಗುತ್ತದೆ, ಕೆಲವುಗಳಲ್ಲಿ ಕ್ಯಾಲ್ಸಿಯಂ ಕೂಡ. ಈ ಕ್ಯಾಲ್ಸಿಯಂ ಪ್ರವೇಶವೇ ಮುಂದಿನ ಬಹುಪಾಲು ಕಥೆಗೆ ಮೂಲ. ಆಂಪ ಗ್ರಾಹಕ ನಾಲ್ಕು ತುಂಡುಗಳು ಕೂಡಿ ಆದದ್ದು. ಅವುಗಳಲ್ಲಿ ಗ್ಲು-ಎ-2 ಎಂಬ ತುಂಡು ಇದ್ದರೆ ಕ್ಯಾಲ್ಸಿಯಂಗೆ ತಡೆ, ಇಲ್ಲದಿದ್ದರೆ ದಾರಿ ಸಲೀಸು.

ಇಂಥ ಗ್ರಾಹಕಗಳು ನರಕೋಶದಲ್ಲಿ ಮಾತ್ರ ಇರುತ್ತವೆ ಎಂಬ ನಂಬಿಕೆ ಕುಸಿಯಲು ಪೋಷಕ ಕೋಶಗಳನ್ನು ಬೇರೆಯಾಗಿ ಬೆಳೆಸುವ ಕಸಬು ಕೈಗೂಡಬೇಕಾಯಿತು. 1980ರಲ್ಲಿ ಕೆನ್ ಮೆಕಾರ್ಥಿ ಮತ್ತು ಜಾನ್ ಡಿ ವೆಲ್ಲಿಸ್ ಕೊಟ್ಟ ವಿಧಾನ ಬಹಳ ಸರಳ. ಹಸುಗೂಸು ಇಲಿಮರಿಯ ಮಿದುಳಿನ ಹೊರಪದರವನ್ನು ಬಿಡಿಸಿ, ಕೋಶಗಳನ್ನು ಪೋಷಕ ದ್ರಾವಣವಿರುವ ಚಪ್ಪಟೆ ಸೀಸೆಯಲ್ಲಿ ವಾರ, ಹತ್ತು ದಿನ ಬಿಡುವುದು. ಆಸ್ಟ್ರೊಸೈಟ್‌ಗಳು ತಳಕ್ಕೆ ಗಟ್ಟಿಯಾಗಿ ಅಂಟುತ್ತವೆ, ಆಲಿಗೊಡೆಂಡ್ರೊಸೈಟ್‌ನ ಮೊಳಕೆಗಳು ಅವುಗಳ ಮೇಲೆ ಸಡಿಲವಾಗಿ ಕೂರುತ್ತವೆ. ಸೀಸೆಯನ್ನು ಅಲುಗಾಡಿಸುವ ಯಂತ್ರದ ಮೇಲೆ ರಾತ್ರಿಯಿಡೀ ಇಟ್ಟರೆ ಸಡಿಲವಾದವು ಉದುರಿ ದ್ರಾವಣಕ್ಕೆ ಬರುತ್ತವೆ. ಬಗ್ಗಿಸಿ ತೆಗೆದದ್ದು ಒಂದು ಬಗೆ, ಸೀಸೆಯಲ್ಲಿ ಉಳಿದದ್ದು ಇನ್ನೊಂದು ಬಗೆ. ದುಬಾರಿ ಉಪಕರಣವಿಲ್ಲದ ಪ್ರಯೋಗಶಾಲೆಗಳಿಗೂ ಇದು ಸಾಧ್ಯವಿತ್ತು. 1984ರಲ್ಲಿ ಇಂಥ ಶುದ್ಧ ಆಸ್ಟ್ರೊಸೈಟ್‌ಗಳಿಗೆ ಗ್ಲುಟಮೇಟ್ ಹಾಕಿ ನೋಡಿದ ಅಮೆರಿಕ, ಜರ್ಮನಿಗಳ ಎರಡು ತಂಡಗಳು ಅವುಗಳ ಪೊರೆಯ ವೋಲ್ಟೇಜು ಬದಲಾಗುವುದನ್ನು ಕಂಡವು. 1990ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆನ್ ಕಾರ್ನೆಲ್-ಬೆಲ್ ಮತ್ತು ಸಂಗಡಿಗರು ಗ್ಲುಟಮೇಟ್ ತಾಗಿದ ಆಸ್ಟ್ರೊಸೈಟ್‌ನಲ್ಲಿ ಕ್ಯಾಲ್ಸಿಯಂ ಏರಿ, ಅಲೆಯಾಗಿ ಪಕ್ಕದ ಕೋಶದಿಂದ ಪಕ್ಕದ ಕೋಶಕ್ಕೆ ಹರಿಯುವುದನ್ನು ಚಿತ್ರೀಕರಿಸಿದರು.

ಬೆಳವಣಿಗೆಯ ಪ್ರಶ್ನೆಗೆ ನೇರ ಉತ್ತರ 1996ರಲ್ಲಿ ಬಂತು. ಅಮೆರಿಕದ ಬೆಥೆಸ್ಡಾದಲ್ಲಿ ವಿಟ್ಟೋರಿಯೊ ಗಾಲ್ಲೊ ಮತ್ತು ಸಂಗಡಿಗರು ಆಲಿಗೊಡೆಂಡ್ರೊಸೈಟ್‌ನ ಮೊಳಕೆ ಕೋಶಗಳನ್ನು ಆರಿಸಿಕೊಂಡರು. ಇವು ಬೆಳವಣಿಗೆಯ ಪ್ರೊಟೀನು ಕೊಟ್ಟರೆ ಒಡೆದು ಹೆಚ್ಚುತ್ತಲೇ ಹೋಗುತ್ತವೆ. ಅದರ ಜೊತೆಗೆ ಗ್ಲುಟಮೇಟ್ ಅಥವಾ ಕೈನೇಟ್ ಹಾಕಿದಾಗ ವಿಭಜನೆ ನಿಂತಿತು, ಕೋಶಗಳು ಸಾಯಲಿಲ್ಲ. ಕಾರಣ ಹೀಗೆ: ಗ್ರಾಹಕ ತೆರೆದೊಡನೆ ಸೋಡಿಯಂ ಒಳಬರುತ್ತದೆ, ಹೆಚ್ಚಿದ ಸೋಡಿಯಂ ಪೊಟ್ಯಾಸಿಯಂ ಹೊರಹೋಗುವ ದಾರಿಗಳನ್ನು ಮುಚ್ಚುತ್ತದೆ, ಆ ದಾರಿ ಮುಚ್ಚಿದರೆ ಕೋಶ ವಿಭಜನೆಯ ಮುಂದಿನ ಹಂತಕ್ಕೆ ದಾಟಲಾರದು. ಪೊಟ್ಯಾಸಿಯಂ ದಾರಿಯನ್ನು ಮಾತ್ರ ಬೇರೆ ಮದ್ದಿನಿಂದ ಮುಚ್ಚಿದರೂ ಅದೇ ಪರಿಣಾಮ ಬಂತು. ವಾದ ಗಟ್ಟಿಯಾದದ್ದು ಅಲ್ಲಿ.

ತಟ್ಟೆಯಲ್ಲಿ ನಡೆದದ್ದು ಮಿದುಳಿನಲ್ಲೂ ನಡೆಯುತ್ತದೆಯೇ ಎಂಬ ಸಂದೇಹ ಉಳಿದೇ ಇತ್ತು. 2000ದಲ್ಲಿ ಡ್ವೈಟ್ ಬರ್ಗ್‌ಲಸ್ ಮತ್ತು ಸಂಗಡಿಗರು ನರಕೋಶಗಳು ಈ ಮೊಳಕೆ ಕೋಶಗಳ ಜೊತೆ ಸಂದೇಶ ದಾಟಿಸುವ ನಿಜವಾದ ನರಸಂಧಿಗಳನ್ನೇ ಕಟ್ಟಿಕೊಂಡಿವೆ, ಅಲ್ಲಿ ಗ್ಲುಟಮೇಟ್ ಸುರಿಯುತ್ತವೆ ಎಂದು ತೋರಿಸಿದ ಮೇಲೆ ಸಂದೇಹ ಸ್ವಲ್ಪ ತಗ್ಗಿತು. 2011ರಲ್ಲಿ ಡಗ್ಲಸ್ ಫೀಲ್ಡ್ಸ್ ಅವರ ತಂಡ, ಗ್ಲುಟಮೇಟ್ ಸುರಿಸುವ ನರತಂತುವಿನ ಸುತ್ತಲೇ ಮೈಲಿನ್ ಪ್ರೊಟೀನಿನ ತಯಾರಿ ಹೆಚ್ಚುತ್ತದೆ ಎಂದು ಕಂಡಿತು. 2017ರಲ್ಲಿ ಲಂಡನ್ನಿನಲ್ಲಿ ಬಿಲ್ ರಿಚರ್ಡ್‌ಸನ್ ಅವರ ತಂಡ ಆಂಪ ಗ್ರಾಹಕಗಳಿಲ್ಲದ ಮೊಳಕೆ ಕೋಶಗಳುಳ್ಳ ಇಲಿಗಳನ್ನು ಹುಟ್ಟಿಸಿತು. ಆಶ್ಚರ್ಯವೆಂದರೆ ವಿಭಜನೆಯ ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೊಸದಾಗಿ ಬಲಿತ ಆಲಿಗೊಡೆಂಡ್ರೊಸೈಟ್‌ಗಳು ಮಾತ್ರ ಹೆಚ್ಚಾಗಿ ಸತ್ತವು. ತಟ್ಟೆಯಲ್ಲಿ ತಡೆಯಾಗಿ ಕಂಡ ಗ್ಲುಟಮೇಟ್ ಜೀವಂತ ಮಿದುಳಿನಲ್ಲಿ ಉಳಿವಿನ ಆಸರೆಯಾಗಿತ್ತು. ಈ ಎರಡು ಫಲಿತಾಂಶಗಳನ್ನು ಒಂದೇ ವಾಕ್ಯದಲ್ಲಿ ಹೊಂದಿಸಿ ಬರೆಯುವ ಲೇಖನಗಳು ಅವಸರ ಮಾಡುತ್ತವೆ. ಅವು ಇನ್ನೂ ಹೊಂದಿಕೊಂಡಿಲ್ಲ.

ಬೆಂಗಳೂರಿನ ಸಂಶೋಧಕರು ಇದೇ ಪ್ರಶ್ನೆಗೆ ರೋಗದ ಕಡೆಯಿಂದ ಬಂದರು. ನಿಮ್ಹಾನ್ಸ್‌ನ ಬೇರು 1847ರ ಬೆಂಗಳೂರಿನ ಹುಚ್ಚಾಸ್ಪತ್ರೆಯಲ್ಲಿದೆ. 1925ರಲ್ಲಿ ಅದರ ಹೆಸರು ಮಾನಸಿಕ ಆಸ್ಪತ್ರೆ ಎಂದಾಯಿತು, 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಜೊತೆಗೂಡಿತು, 1974ರ ಡಿಸೆಂಬರಿನಲ್ಲಿ ಎರಡೂ ವಿಲೀನಗೊಂಡು ಇಂದಿನ ಸಂಸ್ಥೆಯಾಯಿತು. ಮಾನಸಿಕ ಆಸ್ಪತ್ರೆಯ ಪಕ್ಕದಲ್ಲೇ ನರರೋಗ ವಿಭಾಗ, ಶಸ್ತ್ರಚಿಕಿತ್ಸೆ, ನರರೋಗಶಾಸ್ತ್ರ, ನರಶರೀರಶಾಸ್ತ್ರ ಎಲ್ಲವೂ ಒಂದೇ ಆವರಣದಲ್ಲಿ ಬೆಳೆದದ್ದರಿಂದ ಹಾಸಿಗೆಯ ರೋಗಿಗೂ ಪ್ರಯೋಗದ ಮೇಜಿಗೂ ದೂರ ಕಡಿಮೆ.

ಸ್ನಾಯುಗಳನ್ನು ನಡೆಸುವ ಚಾಲಕ ನರಕೋಶಗಳು ಸಾಯುವ ರೋಗಗಳಿಗೆ ದಕ್ಷಿಣ ಭಾರತದಲ್ಲಿ ತಮ್ಮದೇ ರೂಪಗಳಿವೆ. ಯುವಕರಲ್ಲಿ ಒಂದೇ ಕೈ ಅಥವಾ ಕಾಲು ಸಣಕಲಾಗಿ, ಕೆಲವು ವರ್ಷ ಮುಂದುವರಿದು, ಅಲ್ಲಿಗೇ ನಿಲ್ಲುವ ರೂಪವನ್ನು ನಿಮ್ಹಾನ್ಸ್‌ನ ಎಂ. ಗೌರೀದೇವಿ ಮತ್ತು ಸಹೋದ್ಯೋಗಿಗಳು 1984ರಲ್ಲಿ ವರ್ಣಿಸಿದರು. ಇದೇ ಬಗೆಯ ಇನ್ನೊಂದು ರೋಗವಾದ ಎಎಲ್‌ಎಸ್ ಹಾಗೆ ನಿಲ್ಲುವುದಿಲ್ಲ. ಕೈಕಾಲಿನ ಸ್ನಾಯುಗಳು, ನುಂಗುವ ಶಕ್ತಿ, ಕೊನೆಗೆ ಉಸಿರು, ಹೀಗೆ ಒಂದೊಂದಾಗಿ ಕೈಕೊಡುತ್ತವೆ. ಅದರಲ್ಲಿ ಗ್ಲುಟಮೇಟಿನ ಕೈವಾಡವಿದೆ ಎಂಬ ಸುಳಿವು 1990ರ ದಶಕದ ಆರಂಭಕ್ಕೆ ಸಿಕ್ಕಿತು. 1992ರಲ್ಲಿ ಅಮೆರಿಕದ ಜೆಫ್ರಿ ರಾತ್‌ಸ್ಟೀನ್, ಈ ರೋಗಿಗಳ ಮಿದುಳು, ಬೆನ್ನುಹುರಿಗಳಲ್ಲಿ ಗ್ಲುಟಮೇಟನ್ನು ಬಳಿದುಕೊಳ್ಳುವ ಶಕ್ತಿ ಕುಗ್ಗಿದೆ ಎಂದು ತೋರಿಸಿದ. ಬಳಿಯುವ ಕೆಲಸ ಬಹುಪಾಲು ಆಸ್ಟ್ರೊಸೈಟ್‌ನದು. 1993ರಲ್ಲಿ ಫ್ರಾನ್ಸಿನ ಫಿಲಿಪ್ ಕುರಾಟಿಯೆ ರೋಗಿಗಳ ಬೆನ್ನುಹುರಿಯ ದ್ರವವನ್ನು ತಟ್ಟೆಯ ನರಕೋಶಗಳಿಗೆ ಹಾಕಿದಾಗ ಅವು ಸತ್ತವು. ಆಂಪ, ಕೈನೇಟ್ ಗ್ರಾಹಕಗಳನ್ನು ಮುಚ್ಚುವ ಮದ್ದು ಜೊತೆಗೆ ಹಾಕಿದರೆ ಉಳಿದವು.

ನಿಮ್ಹಾನ್ಸ್‌ನ ನರಶರೀರಶಾಸ್ತ್ರ ವಿಭಾಗದ ಟಿ. ಆರ್. ರಾಜು ಮತ್ತು ಸಂಗಡಿಗರು ಈ ಸರಪಳಿಯಲ್ಲಿ ಪೋಷಕ ಕೋಶ ಎಲ್ಲಿ ಬರುತ್ತದೆ ಎಂದು ಹುಡುಕಿದರು. ರೋಗ ಪತ್ತೆಗೆಂದು ಸೊಂಟದಿಂದ ನೀರು ತೆಗೆಯುವುದು ಆಸ್ಪತ್ರೆಯಲ್ಲಿ ನಿತ್ಯದ ಕೆಲಸ. ಎಎಲ್‌ಎಸ್ ರೋಗಿಗಳ ಅಂಥ ದ್ರವವನ್ನು ಕೆಲವೇ ದಿನದ ಇಲಿಮರಿಗಳ ಬೆನ್ನುಹುರಿಯ ಸುತ್ತಲಿನ ತೆರಪಿಗೆ ಅತಿ ಸಣ್ಣ ಪ್ರಮಾಣದಲ್ಲಿ ಸೇರಿಸಲಾಯಿತು. ಹೋಲಿಕೆಗೆ ಬೇರೆ ಕಾಯಿಲೆಯವರ ದ್ರವ ಪಡೆದ ಮರಿಗಳೂ ಇದ್ದವು. ಬೆನ್ನುಹುರಿಯನ್ನು ತೆಳುವಾಗಿ ಸೀಳಿ, ಆಸ್ಟ್ರೊಸೈಟ್‌ನ ಅಸ್ಥಿಪಂಜರದಂತಿರುವ ಜಿಎಫ್‌ಎಪಿ ಪ್ರೊಟೀನಿಗೆ ಬಣ್ಣ ಹಾಕಿದಾಗ, ಎಎಲ್‌ಎಸ್ ದ್ರವ ಪಡೆದ ಮರಿಗಳಲ್ಲಿ ಆಸ್ಟ್ರೊಸೈಟ್‌ಗಳು ದಪ್ಪಗೆ, ಒತ್ತೊತ್ತಾಗಿ ಎದ್ದು ಕಂಡವು. 1998ರಲ್ಲಿ ಶಹಾನಿ, ನಳಿನಿ, ಗೌರೀದೇವಿ, ರಾಜು ಇದನ್ನು ಪ್ರಕಟಿಸಿದರು. ಗಾಯದ ಪ್ರತಿಕ್ರಿಯೆಯಂಥ ಈ ಬೆಳವಣಿಗೆ ನರಕೋಶಗಳೆಲ್ಲ ಸತ್ತ ಮೇಲೆ ಉಳಿಯುವ ಕಲೆಯಷ್ಟೇ ಆಗಿರದೆ, ರೋಗದ ಆರಂಭದಿಂದಲೇ ಜೊತೆಗಿರಬಹುದು ಎಂಬುದು ಅದರ ಮಹತ್ವ. 2007ರಲ್ಲಿ ಅದೇ ಗುಂಪು, ಫಾಲ್ಗುಣಿ ಆನಂದ್ ಅಲ್ಲಾಡಿ ಮತ್ತು ಟಿ. ಎನ್. ಸತ್ಯಪ್ರಭಾ ಸೇರಿದಂತೆ, ಇದೇ ದ್ರವ ತಾಗಿದಾಗ ಗ್ಲುಟಮೇಟ್ ಬಳಿಯುವ ಜಿಎಲ್‌ಟಿ-1 ಎಂಬ ಪ್ರೊಟೀನು ಏರುಪೇರಾಗುತ್ತದೆ ಎಂದು ತೋರಿಸಿತು. ಪೋಷಕ ಕೋಶ ಹಿಗ್ಗುತ್ತದೆ, ಆದರೆ ತನ್ನ ಕಸಬನ್ನು ಸರಿಯಾಗಿ ಮಾಡುವುದಿಲ್ಲ. ಎಎಲ್‌ಎಸ್‌ಗೆ 1995ರ ಕೊನೆಗೆ ಅಮೆರಿಕದಲ್ಲಿ ಮಂಜೂರಾದ ಮೊದಲ ಔಷಧ ರಿಲುಜೋಲ್ ಗ್ಲುಟಮೇಟ್ ಸುರಿಯುವುದನ್ನು ತಗ್ಗಿಸುವಂಥದ್ದು. ಅದರಿಂದ ಸಿಗುವ ಆಯುಸ್ಸು ಸರಾಸರಿ ಎರಡು ಮೂರು ತಿಂಗಳು.

ಮೂರನೆಯ ನೆಲೆಯಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಡಾ. ಟಿ. ಎಂ. ಎ. ಪೈ 1953ರಲ್ಲಿ ಆರಂಭಿಸಿದರು. ಅಲ್ಲಿನ ಆಸ್ಪತ್ರೆ 1961ರಲ್ಲಿ ತೆರೆಯಿತು. ಅದಕ್ಕೆ ಮುಂಚೆ ಕುಂದಾಪುರ, ಬೈಂದೂರು ಕಡೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರಿನ ವೆನ್ಲಾಕ್. ಈ ಭಾಗದ ಮನೆಗಳಲ್ಲಿ ಮಿದುಳಿನ ಪೋಷಣೆಗೆ ನಂಬಿಕೊಂಡು ಬಂದದ್ದು ಗದ್ದೆಯ ಅಂಚಿನಲ್ಲಿ, ಬಚ್ಚಲ ನೀರು ಹರಿಯುವ ತಂಪಿನಲ್ಲಿ ಹಬ್ಬುವ ಒಂದೆಲಗ. ಎಲೆಯನ್ನು ತೆಂಗಿನಕಾಯಿ, ಜೀರಿಗೆ, ಕಾಳುಮೆಣಸಿನೊಡನೆ ಅರೆದು ಮಜ್ಜಿಗೆ ಬೆರೆಸಿದ ತಂಬುಳಿಯನ್ನು ಮಕ್ಕಳಿಗೆ ಉಣಿಸಿದರೆ ನೆನಪಿನ ಶಕ್ತಿ ಹೆಚ್ಚುತ್ತದೆ ಎಂಬುದು ರೂಢಿಯ ಮಾತು.

ಈ ನಂಬಿಕೆಯನ್ನು ಮಣಿಪಾಲದ ಕೆ. ಜಿ. ಮೋಹನದಾಸ ರಾವ್, ಎಸ್. ಮುದ್ದಣ್ಣ ರಾವ್ ಮತ್ತು ಎಸ್. ಗುರುಮಧ್ವ ರಾವ್ 2000ದ ದಶಕದಲ್ಲಿ ಪರೀಕ್ಷೆಗೆ ಒಡ್ಡಿದರು. ಮಿದುಳು ಭರದಿಂದ ಬೆಳೆಯುವ ವಯಸ್ಸಿನ, ಏಳು ದಿನದ ಇಲಿಮರಿಗಳಿಗೆ ಒಂದೆಲಗದ ಹಸಿ ಎಲೆಯ ರಸವನ್ನು ದೇಹದ ತೂಕದ ಪ್ರತಿ ಕಿಲೊಗೆ 2, 4, 6 ಮಿಲಿಲೀಟರ್ ಪ್ರಮಾಣದಲ್ಲಿ, ಎರಡರಿಂದ ಆರು ವಾರ ಕುಡಿಸಿದರು. ಆಮೇಲೆ ಮಿದುಳನ್ನು ತೆಗೆದು ಬಣ್ಣ ಹಾಕಿದ್ದು ಗಾಲ್ಜಿಯ ಅದೇ ಡೈಕ್ರೊಮೇಟ್, ಸಿಲ್ವರ್ ನೈಟ್ರೇಟ್ ವಿಧಾನದಿಂದ. ಕಪ್ಪಾಗಿ ಎದ್ದ ನರಕೋಶಗಳ ಕೊಂಬೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಕೈಯಲ್ಲಿ ಗೆರೆ ಎಳೆದು, ಸಮಕೇಂದ್ರ ವೃತ್ತಗಳನ್ನು ಇಟ್ಟು, ಯಾವ ದೂರದಲ್ಲಿ ಎಷ್ಟು ಕವಲು ಎಂದು ಎಣಿಸುವುದು ಮುಂದಿನ ಕೆಲಸ. ಹೆಚ್ಚು ಪ್ರಮಾಣ ಹೆಚ್ಚು ವಾರ ಕುಡಿದ ಮರಿಗಳಲ್ಲಿ ಕವಲುಗಳೂ ಅವುಗಳ ಉದ್ದವೂ ಹೆಚ್ಚಿದ್ದವು. ಆದರೆ ಎಣಿಸಿದ್ದು ನರಕೋಶಗಳನ್ನು, ಗ್ಲಿಯಾಗಳನ್ನಲ್ಲ. ಇಲಿಗಳಲ್ಲಿ ಕಂಡದ್ದು ಮನುಷ್ಯರ ಮಕ್ಕಳಿಗೂ ಅನ್ವಯಿಸುತ್ತದೆ ಎಂದೂ ಇದರಿಂದ ಹೇಳಲಾಗದು. ಒಂದೆಲಗಕ್ಕೂ ಗ್ಲುಟಮೇಟಿಗೂ ನಂಟು ಕಂಡದ್ದು ಕೊರಿಯಾದಲ್ಲಿ. ಅದರ ಸಾರದಿಂದ ತಯಾರಿಸಿದ ಸಂಯುಕ್ತಗಳು ಗ್ಲುಟಮೇಟಿನ ಅತಿಕೆರಳಿಕೆಯಿಂದ ತಟ್ಟೆಯ ನರಕೋಶಗಳನ್ನು ಕಾಪಾಡುತ್ತವೆ ಎಂದು 2000ದಲ್ಲಿ ಅಲ್ಲಿನ ಸಂಶೋಧಕರು ವರದಿ ಮಾಡಿದರು.

ಪೋಷಕ ಕೋಶದ ಬೆಳವಣಿಗೆ ಕೈಮೀರಿದಾಗ ಆಗುವ ಗಡ್ಡೆಯೇ ಗ್ಲಿಯೊಮಾ. ಅದರ ಅತಿ ಕ್ರೂರ ರೂಪ ಗ್ಲಿಯೊಬ್ಲಾಸ್ಟೋಮಾ. ಇಲ್ಲಿ ಗ್ಲುಟಮೇಟಿನ ಪಾತ್ರ ತಿರುವುಮುರುವಾಗುತ್ತದೆ. ಈ ಕೋಶಗಳು ಗ್ಲುಟಮೇಟನ್ನು ಬಳಿಯುವ ಬದಲು ತಾವೇ ಹೊರಸೂಸುತ್ತವೆ ಎಂದು 1999ರಲ್ಲಿ ಹಾರಾಲ್ಡ್ ಸೊಂಟ್‌ಹೈಮರ್ ಅವರ ಪ್ರಯೋಗಶಾಲೆ ಕಂಡಿತು. ಹೆಚ್ಚು ಸೂಸುವ ಗಡ್ಡೆ ಹೆಚ್ಚು ಬೇಗ ಬೆಳೆಯುತ್ತದೆ ಎಂದು 2001ರಲ್ಲಿ ಮೈಕೆನ್ ನೆಡೆರ್‌ಗಾರ್ಡ್ ಅವರ ತಂಡ ತೋರಿಸಿತು. ಸುತ್ತಲಿನ ನರಕೋಶಗಳು ಸತ್ತು ಜಾಗ ತೆರವಾಗುತ್ತದೆ. ಜಪಾನಿನ ಗುನ್ಮಾ ವಿಶ್ವವಿದ್ಯಾಲಯದಲ್ಲಿ ಅದೇ ಹೊತ್ತಿಗೆ ನಡೆದ ಎರಡು ಪ್ರಯೋಗಗಳನ್ನು ಜೊತೆಗಿಟ್ಟು ಓದಬೇಕು. 2001ರಲ್ಲಿ ಅಲ್ಲಿನವರು ಕಿರುಮಿದುಳಿನ ಆರೋಗ್ಯವಂತ ಗ್ಲಿಯಾಗೆ ಗ್ಲು-ಎ-2 ತುಂಡನ್ನು ಸೇರಿಸಿ ಕ್ಯಾಲ್ಸಿಯಂ ದಾರಿ ಮುಚ್ಚಿದರು. ನರಸಂಧಿಗಳನ್ನು ತಬ್ಬಿಕೊಂಡಿದ್ದ ಅದರ ಚಾಚುಗಳು ಹಿಂದೆ ಸರಿದವು. 2002ರಲ್ಲಿ ನರಶಸ್ತ್ರಚಿಕಿತ್ಸಕ ಶೋಗೊ ಇಶಿಉಚಿ ಅದೇ ತುಂಡನ್ನು ಗ್ಲಿಯೊಬ್ಲಾಸ್ಟೋಮಾ ಕೋಶಗಳಿಗೆ ಸೇರಿಸಿದರು. ಅವು ಹರಿದಾಡುವುದನ್ನು ನಿಲ್ಲಿಸಿ ಸತ್ತವು. ಆರೋಗ್ಯವಂತ ಗ್ಲಿಯಾ ತನ್ನ ಆಕಾರ ಉಳಿಸಿಕೊಳ್ಳಲು ಬಳಸುವ ಬಾಗಿಲನ್ನೇ ಗಡ್ಡೆ ಹಬ್ಬಲು ಬಳಸುತ್ತದೆ.

2019ರ ಸೆಪ್ಟೆಂಬರಿನಲ್ಲಿ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮೊಂಜೆ ತಂಡದ ಹಂಸಾ ವೆಂಕಟೇಶ್, ಹೈಡಲ್‌ಬರ್ಗ್‌ನ ವರುಣ್ ವೆಂಕಟರಮಣಿ ಮತ್ತು ಸಂಗಡಿಗರು ಬೇರೆ ಬೇರೆಯಾಗಿ, ಒಂದೇ ಸಂಚಿಕೆಯಲ್ಲಿ, ನರಕೋಶಗಳು ಗಡ್ಡೆಯ ಕೋಶಗಳೊಡನೆಯೂ ಆಂಪ ಗ್ರಾಹಕಗಳಿರುವ ಸಂಧಿ ಕಟ್ಟುತ್ತವೆ ಎಂದು ಪ್ರಕಟಿಸಿದರು. ಮಿದುಳು ಕೆಲಸ ಮಾಡಿದಷ್ಟೂ ಗಡ್ಡೆಗೆ ಬೆಳೆಯುವ ಸೂಚನೆ ಸಿಗುತ್ತದೆ. ಆಂಪ ಗ್ರಾಹಕವನ್ನು ತಡೆಯುವ ಪೆರಂಪನೆಲ್, ಮೂರ್ಛೆರೋಗಕ್ಕೆಂದು 2012ರಲ್ಲಿ ಮಂಜೂರಾದ ಮಾತ್ರೆ. ಇಲಿಗಳಲ್ಲಿ ಅದು ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿತು. ರೋಗಿಗಳ ಮೇಲೆ ಅದರ ಪರೀಕ್ಷೆಗಳು ಆರಂಭವಾಗಿವೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವಾಣಿ ಸಂತೋಷ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ಜೊತೆಯಾಗಿ ಗ್ಲಿಯೊಬ್ಲಾಸ್ಟೋಮಾದ ವಂಶವಾಹಿಗಳನ್ನು ಅಧ್ಯಯನ ಮಾಡಿದ್ದಾರೆ. ಎಸ್. ಕೆ. ಶಂಕರ್ 1995ರಲ್ಲಿ ನಿಮ್ಹಾನ್ಸ್‌ನಲ್ಲಿ ಆರಂಭಿಸಿದ ಮಿದುಳು ಅಂಗಾಂಶ ಭಂಡಾರವು ಕುಟುಂಬದವರ ಒಪ್ಪಿಗೆಯಿಂದ ಪಡೆದ ಮಾನವ ಮಿದುಳಿನ ಭಾಗಗಳನ್ನು ಕಡುಶೀತದಲ್ಲಿ ಕಾದಿರಿಸಿ ದೇಶದ ಸಂಶೋಧಕರಿಗೆ ಒದಗಿಸುತ್ತದೆ.